ಡೆಲ್ಫಿನಿಯಂ ಜ್ವರಕ್ಕೆ ಕೂತದ್ದು

ಹುಳುವನ್ನೇ ಸಾಕುವ ಮನೆಯಲ್ಲಿ ಹೂವು ಬೆಳೆಸುವುದು ಎಷ್ಟರ ಕೆಲಸ? ಹುಳು ಓಡಾಡುತ್ತದೆ, ಗಿಡ ಓಡಾಡುವುದಿಲ್ಲ. ಹುಳುವಿಗೆ ದಿನಕ್ಕೆ ಮೂರು ಹೊತ್ತು ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಗಿಡಕ್ಕೆ ಒಂದು ಚೊಂಬು ನೀರು ಹಾಕಿದರಾಯಿತು. ಹುಳುವಿನ ಮನೆಯ ಹತ್ತಿರ ಊದುಬತ್ತಿ ಕೂಡ ಹಚ್ಚುವ ಹಾಗಿಲ್ಲ, ಗಿಡದ ಮುಂದೆ ಹೋಮ ಮಾಡಿದರೂ ಅದು ಕೇಳುವುದಿಲ್ಲ. ಈ ತರ್ಕವನ್ನು ನಾನು ಆಗಸ್ಟ್ ಇಪ್ಪತ್ತನಾಲ್ಕರಂದು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದೇನೆ. ಇಡೀ ರಿಜಿಸ್ಟರಿನಲ್ಲಿ ನೇರವಾಗಿ ಬಂದದ್ದು ಆ ಎರಡು ಗೆರೆ ಮಾತ್ರ!

ನನ್ನ ಹೆಸರು ಪವಿತ್ರ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಪಂಚಾಯ್ತಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಕೆಲಸ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ರೋಗ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಒಂದು ಸೇರು ಹುಣಸೆಹಣ್ಣು ಎಷ್ಟು ಸಾರಿಗೆ ಆಯಿತು, ನನ್ನ ಗಂಡ ನಾಗೇಶ "ನಾಳೆ ಖಂಡಿತ" ಎಂದು ತಿಂಗಳಿಗೆ ಎಷ್ಟು ಸಲ ಹೇಳಿದ, ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ನಾಗೇಶ ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾನೆ. ಇನ್ನು ನಮ್ಮ ಅತ್ತೆ. ರೇಷ್ಮೆ ಹುಳು ಸಾಕುವುದರಲ್ಲಿ ಅವರನ್ನು ಮೀರಿಸುವವರು ಸುತ್ತ ಏಳು ಹಳ್ಳಿಯಲ್ಲಿಲ್ಲ. ಓದು ಬರಹ ಬಾರದು. ಆದರೆ ಬಾಗಿಲಲ್ಲಿ ನಿಂತು ಮೂಗೆಳೆದರೆ ಸಾಕು, ತಟ್ಟೆಯಲ್ಲಿರುವ ಹುಳು ಹೇಗಿದೆ ಎಂದು ಹೇಳಿಬಿಡುತ್ತಾರೆ.

ಆಗಸ್ಟ್ ಇಪ್ಪತ್ತನಾಲ್ಕರಂದು ನನ್ನ ಗೆಳತಿ ಫರ್ಹಾನಾಳ ಮನೆಯಲ್ಲಿ, ಶಿಡ್ಲಘಟ್ಟದಲ್ಲಿ, ಅವಳ ಮದುವೆಯ ಮಾತು ನಡೆದಿತ್ತು. ಫೆಬ್ರವರಿ ಎಂಟಕ್ಕೆ ಚಿಂತಾಮಣಿಯ ಛತ್ರ ಗೊತ್ತುಮಾಡಿ ಆಗಿತ್ತು. ಸ್ಟೇಜ್ ಅಲಂಕಾರದ ನಯಾಜ್ ಭಾಯ್ ಬಂದು ಕೂತಿದ್ದರು. ಫರ್ಹಾನಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಮೊಣಕೈ ಉದ್ದದ ಕಡ್ಡಿ, ಕಡ್ಡಿಯ ತುಂಬ ನೀಲಿ ಹೂವು, ಮಳೆ ನಿಂತ ಮೇಲಿನ ಆಕಾಶದ ಬಣ್ಣ.

"ಡೆಲ್ಫಿನಿಯಂ ಅಂತೆ ಭಾಯ್. ನಂಗೆ ಇದೇ ಬೇಕು."

ನಯಾಜ್ ಭಾಯ್ ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಚಿಕ್ಕಬಳ್ಳಾಪುರ ಮಾರ್ಕೆಟ್ಟಲ್ಲಿ ಗುಲಾಬಿ ಇದೆ, ಚೆಂಡು ಹೂ ಇದೆ, ಸೇವಂತಿಗೆ ಲಾರಿಗಟ್ಲೆ ಇದೆ. ನೀಲಿ ಮಾತ್ರ ದೇವರು ಅಲ್ಲಿಗೆ ಕಳಿಸಿಲ್ಲಮ್ಮ. ಬಿಳಿ ಸೇವಂತಿಗೆ ತಂದು ಬಣ್ಣದ ಬಕೆಟ್ಟಲ್ಲಿ ಅದ್ದಿ ಕೊಡ್ತೀನಿ. ನೀಲಿ ಅಂದ್ರೆ ನೀಲಿ!"

"ಬಣ್ಣದಲ್ಲಿ ಅದ್ದಿದ ಹೂವಾ? ನನ್ನ ಮದುವೆಗಾ?" ಫರ್ಹಾನಾಳ ಮುಖ ಬಾಡಿತು.

ನನ್ನ ಮದುವೆಯ ರವಿಕೆಗೆ ಇದೇ ಫರ್ಹಾನಾ ಮೂರು ವಾರ ಕೂತು ಕೈಯಲ್ಲಿ ಜರಿ ಕೆಲಸ ಮಾಡಿದ್ದಳು. ಬೆರಳಿಗೆ ಸೂಜಿ ಚುಚ್ಚಿಕೊಂಡದ್ದು ಇಪ್ಪತ್ತೆರಡು ಸಲ, ಅದೂ ನನ್ನ ಡೈರಿಯಲ್ಲಿದೆ. ಅಂಥವಳ ಬಾಡಿದ ಮುಖ ನೋಡಿ ನನ್ನೊಳಗಿನ ರೈತ ಮಹಿಳೆ ಎದ್ದು ನಿಂತಳು. ನಾನೂ ಎದ್ದು ನಿಂತೆ.

"ನೂರು ಕಡ್ಡಿ! ನನ್ನ ಜವಾಬ್ದಾರಿ. ಬೀಜ ಹಾಕಿ ಬೆಳೆದು ಕೊಡ್ತೀನಿ. ಸ್ಟೇಜ್ ಮುಂದೆ ಕುಂಡದಲ್ಲಿ ಹತ್ತು ಗಿಡ ಸಾಲಾಗಿ ಇಡೋಣ, ಅದು ಫ್ರೀ!"

ಫರ್ಹಾನಾ ನನ್ನನ್ನು ತಬ್ಬಿಕೊಂಡಳು. ನಯಾಜ್ ಭಾಯ್ ಜೇಬಿನಿಂದ ಚೀಟಿ ತೆಗೆದು ಏನೋ ಗುರುತು ಹಾಕಿಕೊಂಡರು.

ಸೆಪ್ಟೆಂಬರ್ ಆರಕ್ಕೆ ಬೀಜ ಬಂತು. ಎರಡು ಪೊಟ್ಟಣ. ಬಿಳಿ ಕಾಗದದ ಮೇಲೆ ಸುರಿದು ಬೆಂಕಿಕಡ್ಡಿಯಿಂದ ಒಂದೊಂದೇ ಸರಿಸಿ ಎಣಿಸಿದೆ. ನೂರನಲವತ್ತೆಂಟು. ನೂರು ಕಡ್ಡಿಗೆ ನೂರನಲವತ್ತೆಂಟು ಬೀಜ! ನಲವತ್ತೆಂಟು ಹೋದರೂ ಚಿಂತೆಯಿಲ್ಲ. ಜೊತೆಗೆ ಒಂದು ಮುದ್ರಿತ ಚೀಟಿ ಬಂದಿತ್ತು. ಬೀಜವನ್ನು ಎರಡು ವಾರ ಫ್ರಿಜ್ಜಿನಲ್ಲಿಡಿ, ತಂಪು ಜಾಗದಲ್ಲಿ ಬಿತ್ತಿ, ಮೊಳೆಯುವವರೆಗೆ ಕತ್ತಲೆಯಲ್ಲಿಡಿ ಎಂದು ಬರೆದಿತ್ತು. ಚೀಟಿ ಕಳೆದುಹೋಗಬಾರದೆಂದು ಹಿಂಬದಿಗೆ ಪೂರ್ತಿ ಗೋಂದು ಹಚ್ಚಿ ರಿಜಿಸ್ಟರಿನಲ್ಲಿ ಅಂಟಿಸಿದೆ. ದಾಖಲೆ ಎಂದರೆ ಹಾಗಿರಬೇಕು.

ಸೆಪ್ಟೆಂಬರ್ ಇಪ್ಪತ್ತರಂದು ಫ್ರಿಜ್ಜಿನಿಂದ ತೆಗೆದ ಬೀಜವನ್ನು ಅತ್ತೆ ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ಪುಟ್ಟ, ಕಪ್ಪು, ಒರಟು ಕಾಳು.

"ಏಮ್ಮಾ, ಇದು ಥೇಟ್ ಒಡೆಯೋಕೆ ಬಂದ ನಮ್ಮ ಹುಳದ ಮೊಟ್ಟೆ ಇದ್ದಂಗೈತೆ!"

"ಇದಕ್ಕೂ ಕತ್ತಲೆ ಬೇಕಂತೆ ಅತ್ತೆ."

ಅತ್ತೆಯ ಕಣ್ಣು ಹೊಳೆಯಿತು. ರೇಷ್ಮೆ ಮೊಟ್ಟೆ ಒಡೆಯುವ ಎರಡು ದಿನ ಮುಂಚೆ ಅದನ್ನು ಕಪ್ಪು ಕಾಗದದಲ್ಲಿ ಸುತ್ತಿಡುವುದು ನಮ್ಮ ಕಡೆಯ ಪದ್ಧತಿ. ಮೂರನೆಯ ದಿನ ಬೆಳಿಗ್ಗೆ ಕಾಗದ ತೆರೆದು ಬೆಳಕು ಬಿಟ್ಟರೆ, ಹಿಂದು ಮುಂದಾಗದೆ ಎಲ್ಲ ಮರಿಯೂ ಒಟ್ಟಿಗೆ ಹೊರಗೆ ಬರುತ್ತವೆ. "ಹಂಗಾದ್ರೆ ಇದು ನಂಗೆ ಬಿಡು," ಎಂದರು. ಮೊದಲೆಲ್ಲ ಮರಿಹುಳು ಸಾಕುತ್ತಿದ್ದ ಒಂದು ಚಿಕ್ಕ ಕೋಣೆ ನಮ್ಮಲ್ಲಿದೆ. ಈಗ ಮರಿಯನ್ನು ಸ್ವಲ್ಪ ಬೆಳೆದ ಮೇಲೆಯೇ ಕೊಂಡು ತರುವುದರಿಂದ ಆ ಕೋಣೆ ಖಾಲಿ. ತಂಪು, ಕತ್ತಲೆ, ಗೋಡೆಗೆ ಥರ್ಮಾಮೀಟರು. ಇನ್ನೇನು ಬೇಕು? ತಟ್ಟೆಗಳಿಗೆ ತೆಂಗಿನ ನಾರಿನ ಪುಡಿ ತುಂಬಿ ಬಿತ್ತಿದೆವು, ಕಪ್ಪು ಕಾಗದ ಸುತ್ತಿದೆವು. ಕೋಣೆಯ ಕಾನೂನು ಜಾರಿಗೆ ಬಂತು. ಹೊಸ್ತಿಲಲ್ಲಿ ಸುಣ್ಣ. ಕಾಲು ತೊಳೆದು, ಚಪ್ಪಲಿ ಬದಲಿಸಿ, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಘಾಟು ವಾಸನೆಯವರಿಗೆ ಪ್ರವೇಶವಿಲ್ಲ. ನಾಗೇಶ ಬೆಳ್ಳುಳ್ಳಿ ಚಟ್ನಿ ತಿಂದು ಬಂದು ಮೂರು ಸಲ ವಾಪಸ್ಸಾದ.

ಸೆಪ್ಟೆಂಬರ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತು ಗಂಟೆ. ಮುಹೂರ್ತ. ಪಕ್ಕದ ಮನೆ ಲಕ್ಷ್ಮಕ್ಕನೂ ಬಂದು ನಿಂತರು. ಅತ್ತೆ ಕೈ ಮುಗಿದು ಕಪ್ಪು ಕಾಗದ ಬಿಚ್ಚಿದರು. ಎಲ್ಲರೂ ಬಗ್ಗಿ ನೋಡಿದೆವು.

ಮಣ್ಣು ಇತ್ತು.

"ಒಂದು ಗಂಟೆ ಬೆಳಕು ಬೀಳ್ಲಿ," ಎಂದರು ಅತ್ತೆ. ಒಂದು ಗಂಟೆ ಕಾದೆವು. ಇನ್ನೊಂದು ಗಂಟೆ ಕಾದೆವು. ಲಕ್ಷ್ಮಕ್ಕ "ಅನ್ನಕ್ಕೆ ಇಟ್ಟು ಬಂದಿದೀನಿ ಕಣಮ್ಮ," ಎಂದು ಹೋದರು. ಮತ್ತೆ ಕಾಗದ ಸುತ್ತಿದೆವು. ಮರುದಿನ ತೆರೆದೆವು. ಮತ್ತೆ ಸುತ್ತಿದೆವು. ಹೀಗೆ ಹದಿನೇಳು ಸಲ! ಮೊಳೆಯುವವರೆಗೆ ಕತ್ತಲೆ ಬೇಕಾದ ಬೀಜಕ್ಕೆ ನಾವು ದಿನಾ ಬೆಳಿಗ್ಗೆ ಮುಸುಕು ತೆಗೆದು ಕ್ಷೇಮ ವಿಚಾರಿಸುತ್ತಿದ್ದೆವು.

ಅಕ್ಟೋಬರ್ ಒಂಬತ್ತಕ್ಕೆ ನಮ್ಮ ಕಾಟ ತಡೆಯಲಾರದೆ ಅವು ಹೊರಗೆ ಬಂದವು. ಎಣಿಸಿದೆ. ಅರವತ್ತಮೂರು. ಎಂಬತ್ತೈದು ಬೀಜ ಬರಲೇ ಇಲ್ಲ. ಅಂದರೆ ನೂರು ಕಡ್ಡಿಗೆ ಮೂವತ್ತೇಳು ಕಡಿಮೆ. ಒಂದೊಂದು ಗಿಡ ಎರಡೆರಡು ಕಡ್ಡಿ ಬಿಟ್ಟರೆ ನೂರಿಪ್ಪತ್ತಾರು! ಲೆಕ್ಕದಲ್ಲಿ ನನಗೆ ಯಾವತ್ತೂ ತೊಂದರೆ ಬಂದಿಲ್ಲ.

"ಹೊಸ ಮರಿ ಒಣಗಬಾರ್ದು," ಎಂದು ಅತ್ತೆ, ಮರಿಹುಳುವಿಗೆ ಮಾಡುವ ಹಾಗೆಯೇ, ತಟ್ಟೆಯ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು ಮೇಲೆ ಮೇಣದ ಕಾಗದ ಹೊದಿಸಿದರು. ನಾನು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದೆ. ಸಸಿಗಳು ಹೊದಿಕೆಯೊಳಗೆ ಬೆವರುತ್ತಿದ್ದವು.

ಅಕ್ಟೋಬರ್ ಹದಿನೈದರ ಬೆಳಿಗ್ಗೆ ಹೊದಿಕೆ ಎತ್ತಿದರೆ ಹತ್ತೊಂಬತ್ತು ಸಸಿ ತಲೆ ಬಗ್ಗಿಸಿ ಮಲಗಿದ್ದವು. "ಅತ್ತೇ!" ಎಂದು ಕೂಗಿದೆ.

ಅತ್ತೆ ನಿಧಾನವಾಗಿ ಬಂದರು. ಬಗ್ಗಿ ನೋಡಿದರು. ನಕ್ಕರು.

"ಹುಚ್ಚು ಹುಡುಗಿ. ಜ್ವರ!"

"ಜ್ವರಾನಾ?"

"ಮೊದಲನೇ ಜ್ವರಕ್ಕೆ ಕೂತವೆ. ಹುಳ ಕೂರಲ್ವಾ, ಹಂಗೇ."

ಹೊರಗಿನವರಿಗಾಗಿ ಹೇಳಬೇಕು: ನಮ್ಮಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮುಟ್ಟಬಾರದು, ಮೇವು ಹಾಕಬಾರದು, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಒಂದು ದಿನ ಕಳೆದರೆ ಎದ್ದು ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಹುಳುವಿನ ವಿಷಯದಲ್ಲಿ.

ಪದವಿ ಪಡೆದ ನಾನು, ಪಂಚಾಯ್ತಿಯ ಕಂಪ್ಯೂಟರ್ ನಡೆಸುವ ನಾನು, ಗಿಡ ಪೊರೆ ಬಿಡುತ್ತದೆಯೇ ಎಂದು ಒಂದು ಕ್ಷಣ ಕೂಡ ಯೋಚಿಸಲಿಲ್ಲ. ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆದು "ಮೊದಲನೇ ಜ್ವರ: 19" ಎಂದು ಬರೆದೆ. ನೀರು ನಿಲ್ಲಿಸಿದೆ. ಜರಡಿಯಲ್ಲಿ ಸುಣ್ಣ ಉದುರಿಸಿದೆ.

ಹದಿನಾರಕ್ಕೆ ಮಲಗಿದವು ಮೂವತ್ತನಾಲ್ಕು. "ಒಂದೇ ಸಮ ಜ್ವರಕ್ಕೆ ಹೋಗ್ತಾವೆ. ಒಳ್ಳೇ ಬೆಳೆ!" ಎಂದರು ಅತ್ತೆ. ಲಕ್ಷ್ಮಕ್ಕ ಬಂದು ನೋಡಿ, "ನಿನ್ನ ಕೈಗುಣ ಕಣಮ್ಮ ಪವಿತ್ರ," ಎಂದು ಹೊಗಳಿದರು. ನಾನು ನಾಚಿಕೊಂಡೆ.

ಹದಿನೇಳಕ್ಕೆ ನಲವತ್ತೊಂಬತ್ತು. ಯಾವುದೂ ಏಳಲಿಲ್ಲ.

ಸಂಜೆ ನಾಗೇಶ ಡೇರಿಯಿಂದ ಬಂದವನು ಕಾಲು ತೊಳೆದು, ಬಾಯಿಗೆ ಬಟ್ಟೆ ಕಟ್ಟಿ, ಕ್ರಮಬದ್ಧವಾಗಿ ಒಳಗೆ ಬಂದ. ಒಂದು ಸಸಿಯನ್ನು ಬೆರಳಿನಿಂದ ಎತ್ತಿದ. ಬುಡ ಕೊಳೆತು ನೂಲಿನಂತಾಗಿತ್ತು. ಅದು ಅವನ ಬೆರಳಿಗೇ ಅಂಟಿಕೊಂಡು ಬಂತು.

"ಇವು ಜ್ವರಕ್ಕೆ ಕೂತಿಲ್ಲ ಕಣೇ," ಎಂದ. "ಹೋಗ್ಬಿಟ್ಟಿವೆ."

"ಎಲ್ಲಿಗೆ?" ಎಂದೆ ನಾನು. ನಿಜವಾಗಿಯೂ ಹಾಗೇ ಕೇಳಿದೆ.

"ಆ ಚೀಟಿಲಿ ಏನು ಬರ್ದಿದ್ರು? ಹಿಂದ್ಗಡೆನೂ ಏನೋ ಇತ್ತಲ್ವಾ?"

"ಹಿಂದ್ಗಡೆಗೆ ಗೋಂದು ಹಾಕಿದೀನಿ."

ನಾಗೇಶ ನನ್ನನ್ನು ನೋಡಿದ. ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ಅವನು ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. "ಜ್ವರ" ಎಂಬ ಕಾಲಂ ಹೊಡೆದು ಹಾಕಿ "ದಿವಂಗತ" ಎಂದು ತಿದ್ದಿದೆ. ಉಳಿದದ್ದು ಹದಿನಾಲ್ಕು. ಅವನ್ನು ಒಂದೊಂದಾಗಿ ಕುಂಡಕ್ಕೆ ನೆಟ್ಟೆ.

ಫರ್ಹಾನಾ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. "ಹೆಂಗಿವೆ ಕಣೇ ನಮ್ ನೂರು ಮಕ್ಳು?"

"ಚೆನ್ನಾಗಿವೆ," ಎನ್ನುತ್ತಿದ್ದೆ. ಹದಿನಾಲ್ಕು ಚೆನ್ನಾಗಿದ್ದವು, ಅದು ಸುಳ್ಳಲ್ಲ. ಫೋಟೋ ಕಳಿಸು ಎಂದಾಗ ಹದಿನಾಲ್ಕನ್ನೂ ಒತ್ತೊತ್ತಾಗಿ ಜೋಡಿಸಿ, ನೆಲಕ್ಕೆ ಮಲಗಿ, ಕೆಳಗಿನಿಂದ ತೆಗೆದೆ. ಕಾಡಿನ ಹಾಗೆ ಬಂತು!

"ಮಾಶಾ ಅಲ್ಲಾ! ನಯಾಜ್ ಭಾಯ್‌ಗೆ ಹೇಳ್ಬಿಟ್ಟೆ, ಬಣ್ಣದ ಹೂ ಒಂದೂ ಬೇಡ ಅಂತ. ನೀನಿದೀಯಲ್ಲ."

ಅವತ್ತು ನನಗೆ ನಿಜವಾದ ಜ್ವರ ಬಂತು. ಮನುಷ್ಯರದ್ದು. ನೂರಾ ಒಂದು ಡಿಗ್ರಿ, ಬರೆದಿಟ್ಟಿದ್ದೇನೆ.

ನವೆಂಬರ್ ಎರಡರಂದು ನಾಗೇಶ ಮೊಬೈಲ್ ನೋಡುತ್ತ, "ಈ ಗಿಡ ವಿಷ ಅಂತೆ ಕಣೇ. ದನ ತಿಂದ್ರೆ ಕಷ್ಟ," ಎಂದ. ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಂತೆ ಕೆಳಗೆ ಬಿತ್ತು. "ವಿಷಾನಾ? ನನ್ನ ಹುಳದ ಮನೆ ಪಕ್ಕದಲ್ಲಾ? ಬೈಟಿಕಿ ಪೆಟ್ಟಮ್ಮಾ ಮೊದ್ಲು!" ಸಿಟ್ಟು ಬಂದರೆ ಅತ್ತೆಗೆ ತೆಲುಗು ಬರುತ್ತದೆ. ಐದು ನಿಮಿಷದಲ್ಲಿ ಹದಿನಾಲ್ಕು ಕುಂಡವೂ ಬೇಲಿಯಾಚೆ ನಲ್ಲಿಯ ಪಕ್ಕ ನಿಂತವು. ಮುಟ್ಟಿದ ಮೇಲೆ ಸೋಪು ಹಾಕಿ ಎರಡು ಸಲ ಕೈ ತೊಳೆಯುವ ಹೊಸ ಕಾನೂನು ಬಂತು.

ನಲ್ಲಿಯ ಪಕ್ಕ ಬಸವನಹುಳುಗಳ ಊರು. ಅವು ಯಾವ ವಿಷಕ್ಕೂ ಹೆದರದೆ ಒಂದೇ ವಾರದಲ್ಲಿ ಐದು ಗಿಡ ಮುಗಿಸಿದವು. ಹುಳು ಸಾಕುವ ಮನೆಯ ಗಿಡವನ್ನು ಹುಳುವೇ ತಿಂದರೆ ಯಾರಿಗೆ ದೂರು ಕೊಡುವುದು? ಬಸವನಹುಳು ಹುಡುಕಿಕೊಂಡು ಲಕ್ಷ್ಮಕ್ಕನ ಕೋಳಿ ಬಂತು. ಹುಳುವನ್ನು ಬಿಟ್ಟು ಮೂರು ಕುಂಡ ಕೆದರಿ ಹೋಯಿತು.

"ಲಕ್ಷ್ಮಕ್ಕ, ನಿಮ್ಮ ಕೋಳಿ!"

"ಗಿಡ ಜ್ವರಕ್ಕೆ ಕೂತಿತ್ತೇನೋ, ಎಬ್ಬಿಸಿರ್ತದೆ ಬಿಡಮ್ಮ!"

ಅಷ್ಟು ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಪಂಚಾಯ್ತಿಗೆ ಬಂದವರು ಅರ್ಜಿ ಕೊಡುವ ಮೊದಲು, "ಹೆಂಗಿದೆಯಮ್ಮ ಗಿಡದ ಜ್ವರ? ಮಾತ್ರೆ ಕೊಟ್ರಾ?" ಎಂದು ಕೇಳುತ್ತಿದ್ದರು.

ಉಳಿದದ್ದು ಆರು. ಡಿಸೆಂಬರಿನ ಚಳಿ ಅವಕ್ಕೆ ಹಿಡಿಸಿತು. ನನ್ನ ಪ್ರೀತಿ ಹಿಡಿಸಲಿಲ್ಲ. ಎರಡಕ್ಕೆ ನಾನು ಕುಡಿಸಿದ ನೀರೇ ಹೆಚ್ಚಾಗಿ ಬೇರು ಕೊಳೆಯಿತು. ಎರಡು ಸೊಪ್ಪಿನ ಹಾಗೆ ದುಂಡಗೆ ಬೆಳೆದು, ಹೂವಿನ ಮಾತೇ ಎತ್ತಲಿಲ್ಲ. ಎರಡು ಮಾತ್ರ ಜನವರಿಯಲ್ಲಿ ನೆಟ್ಟಗೆ ಕಡ್ಡಿ ಬಿಟ್ಟವು. ಕಡ್ಡಿಗೆ ಆಸರೆ ಬೇಕೆಂದು ಅತ್ತೆ, ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಯಿಂದ ಬಿದಿರಿನ ಸೀಳು ಕಿತ್ತು ಕೊಟ್ಟರು. ಗಂಟು ಹಾಕುವ ಕೆಲಸ ನಾಗೇಶನದು. "ಗಟ್ಟಿಯಾಗಿ ಕಟ್ಟು," ಎಂದೆ. ಗಟ್ಟಿಯಾಗಿ ಕಟ್ಟಿದ. ಟಕ್! ಒಂದಾಯಿತು. ಇನ್ನೊಂದನ್ನು ಅವನಿಗೆ ಮುಟ್ಟಲು ಕೊಡಲಿಲ್ಲ.

ಆಗ ನಯಾಜ್ ಭಾಯ್‌ಗೆ ಫೋನ್ ಮಾಡಿದೆ. ಗಂಟಲು ಸರಿಪಡಿಸಿಕೊಂಡು, "ಭಾಯ್, ಒಂದು ವಿಷಯ. ಮುನ್ನೆಚ್ಚರಿಕೆ ಕ್ರಮವಾಗಿ ನೀವು ಬಿಳಿ ಸೇವಂತಿಗೆಗೆ..." ಎಂದೆ.

"ಆರ್ಡರ್ ಕೊಟ್ಟಾಗಿದೆ ಮೇಡಂ."

"ಯಾವಾಗ?"

"ನೀವು ಎದ್ದು ನಿಂತ್ಕೊಂಡು 'ನೂರು ಕಡ್ಡಿ' ಅಂದ್ರಲ್ಲ, ಅವತ್ತೇ ಗುರುತು ಹಾಕ್ಕೊಂಡೆ!"

ಜನವರಿ ಇಪ್ಪತ್ತೆಂಟಕ್ಕೆ ಮೊಗ್ಗು ದಪ್ಪವಾದವು. ಬಿಳಿಯಾಗಿ ಕಂಡವು. "ಮೊಟ್ಟೆನೂ ಮೊದ್ಲು ಬಿಳೀನೇ ಇರೋದು," ಎಂದು ಅತ್ತೆ ಧೈರ್ಯ ಹೇಳಿದರು. "ಒಡೆಯೋ ಹಿಂದಿನ ದಿನ ನೀಲಿಗೆ ತಿರುಗ್ತದೆ. ನೋಡ್ತಿರು." ಇಷ್ಟೆಲ್ಲ ಆದ ಮೇಲೂ ನಾನು ಅದನ್ನು ನಂಬಿದೆ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಒಂದು ವಾರ, ದಿನಕ್ಕೆ ನಾಲ್ಕು ಸಲ, ಮೊಗ್ಗಿನ ಬಣ್ಣ ಬರೆದೆ. ಬಿಳಿ. ಬಿಳಿ. ಬಿಳಿ. ಬಹುಶಃ ನೀಲಿ (ನನ್ನ ಸೀರೆಯ ನೆರಳು). ಬಿಳಿ.

ಫೆಬ್ರವರಿ ಐದಕ್ಕೆ ಅರಳಿತು. ಹಾಲಿನಂಥ ಬಿಳಿ!

ನಾಗೇಶ ರಿಜಿಸ್ಟರ್ ತಂದು, ಚೀಟಿ ಅಂಟಿಸಿದ ಪುಟವನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದ. ಹಿಂಬದಿಯಲ್ಲಿ ಎರಡೇ ಸಾಲು. ಮೊಳೆತ ಕೂಡಲೇ ಹೊದಿಕೆ ತೆಗೆದು ಗಾಳಿ ಬೆಳಕು ಕೊಡಿ. ಬಣ್ಣ: ನೀಲಿ, ನೇರಳೆ, ಗುಲಾಬಿ, ಬಿಳಿ, ಮಿಶ್ರ. ಐದು ತಿಂಗಳು ಆ ಎರಡು ಸಾಲು ನನ್ನ ಮಡಿಲಲ್ಲೇ ಇದ್ದವು, ಭದ್ರವಾಗಿ, ತಾರೀಖಿನ ಸಮೇತ.

ಫೆಬ್ರವರಿ ಎಂಟರ ಬೆಳಿಗ್ಗೆ ಆ ಒಂದು ಕಡ್ಡಿಯನ್ನು ಕತ್ತರಿಸಿ, ಬುಡವನ್ನು ನೀರಿನ ಬಾಟಲಿಯಲ್ಲಿಟ್ಟು, ಒದ್ದೆ ಗೋಣಿ ಸುತ್ತಿ ಚಿಂತಾಮಣಿ ಬಸ್ಸು ಹತ್ತಿದೆ. ಜನರ ಒತ್ತಾಟಕ್ಕೆ ಹೆದರಿ ಕಿಟಕಿ ಸೀಟಿನಲ್ಲಿ ಅದನ್ನು ಕೂರಿಸಿ, ಪಕ್ಕದಲ್ಲಿ ನಾನು ಕೂತೆ. ಕಂಡಕ್ಟರ್ ನೋಡಿ, "ಏನಮ್ಮ, ಹೂವಿಗೆ ಸೀಟಾ? ಫುಲ್ ಟಿಕೆಟ್ಟಾ, ಹಾಫಾ?" ಎಂದ. ದಾರಿಯುದ್ದಕ್ಕೂ ಫರ್ಹಾನಾಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದೆ. ನೂರು ಅಂದಿದ್ದೆ, ಒಂದು ತಂದಿದೀನಿ. ನೀಲಿ ಅಂದಿದ್ದೆ, ಬಿಳಿ ತಂದಿದೀನಿ. ಆದ್ರೆ ಬಣ್ಣದಲ್ಲಿ ಅದ್ದಿದ್ದಲ್ಲ ಕಣೇ, ಅಸಲಿ. ಈ ಕೊನೆಯ ಸಾಲು ನನಗೇ ಬಹಳ ಹಿಡಿಸಿತು. ಮರ್ಯಾದೆ ಉಳಿದದ್ದೇ ಅಲ್ಲಿ.

ಛತ್ರದಲ್ಲಿ ಸ್ಟೇಜ್ ಪೂರ್ತಿ ನೀಲಿ. ನಯಾಜ್ ಭಾಯ್ ಸೇವಂತಿಗೆಯನ್ನು ಅದ್ದಿ ಅದ್ದಿ ಆಕಾಶವನ್ನೇ ಇಳಿಸಿದ್ದರು. ನನ್ನ ಕಡ್ಡಿಯನ್ನು ಸ್ಟೇಜಿನ ಅಂಚಿನ ಮೇಜಿನ ಮೇಲಿಟ್ಟು, ಮುಖ ತೊಳೆದು ಬರಲು ಹೋದೆ. ಮೂರು ನಿಮಿಷ. ಮೂರೇ ನಿಮಿಷ!

ವಾಪಸ್ಸು ಬಂದರೆ ನಯಾಜ್ ಭಾಯ್ ನನ್ನ ಡೆಲ್ಫಿನಿಯಂ ತಲೆಕೆಳಗಾಗಿ ಹಿಡಿದು ಬಕೆಟ್ಟಿನಿಂದ ಎತ್ತುತ್ತಿದ್ದರು. ತೊಟ ತೊಟ ನೀಲಿ ತೊಟ್ಟಿಕ್ಕುತ್ತಿತ್ತು.

"ಇದೊಂದು ಬಿಳಿ ಹಂಗೇ ಉಳ್ಕೊಂಡ್ಬಿಟ್ಟಿತ್ತು ಮೇಡಂ. ಸಮಯಕ್ಕೆ ನೋಡ್ದೆ!"

ಇನ್ನಷ್ಟು ಹಾಳಾಗಬಾರದೆಂದು ಕಸಿದುಕೊಂಡೆ. ನನ್ನ ಹೆಬ್ಬೆರಳೂ ನೀಲಿಯಾಯಿತು. ಅಷ್ಟರಲ್ಲಿ ಫರ್ಹಾನಾ ಅಕ್ಕ ತಂಗಿಯರ ನಡುವೆ ಬಂದೇಬಿಟ್ಟಳು. ಸೇವಂತಿಗೆಯ ಗೋಡೆ ನೋಡಿದಳು. ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಕಡ್ಡಿ ನೋಡಿದಳು.

"ಎಷ್ಟು ಬಂತು?"

"ಒಂದು," ಎಂದೆ. ಅಭ್ಯಾಸ ಮಾಡಿದ ಮಾತಿನಲ್ಲಿ ಹೊರಬಂದದ್ದು ಅದೊಂದೇ ಪದ.

ಅವಳು ನನ್ನ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡು, ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. "ನೋಡ್ರೇ! ಅಸಲಿ ನೀಲಿ ಅಂದ್ರೆ ಇದು. ನನ್ ಫ್ರೆಂಡ್ ಬೀಜದಿಂದ ಬೆಳ್ದಿದ್ದು. ಆ ಬಣ್ಣದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ!"

ಎಲ್ಲರೂ ಹೌದು ಹೌದು ಎಂದರು. ನಯಾಜ್ ಭಾಯ್ ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದರು. ಆಗ ಫರ್ಹಾನಾ ತನ್ನ ಮೆಹಂದಿ ಕೈ ನೋಡಿಕೊಂಡಳು. ಐದು ಬೆರಳೂ ನೀಲಿ. ನನ್ನ ಹೆಬ್ಬೆರಳು ನೋಡಿದಳು. ಮೇಜಿನ ಕೆಳಗೆ ನೋಡಿದಳು. ತುಟಿ ಕಚ್ಚಿ ಹಿಡಿದಳು, ಆಗಲಿಲ್ಲ. ಕಣ್ಣಿನ ಸುರ್ಮಾ ಕೆನ್ನೆಗೆ ಇಳಿಯುವವರೆಗೆ ನಕ್ಕಳು. ನನ್ನ ಕಿವಿಯಲ್ಲಿ, "ಪಾಪಿ, ಒಂದೇ ಒಂದು ಬೆಳ್ದು, ಅದನ್ನೂ ಅದ್ದಿ ತಂದ್ಯಾ?" ಎಂದಳು. ಹೂವನ್ನು ಮಾತ್ರ ಕೈಯಿಂದ ಇಳಿಸಲಿಲ್ಲ. ಮದುವೆಯ ಫೋಟೋಗಳಲ್ಲೆಲ್ಲ ಅದು ಇದೆ, ಅವಳ ನೀಲಿ ಬೆರಳುಗಳೂ ಇವೆ.

ಮರುದಿನ ಸೊಪ್ಪು ಕತ್ತರಿಸುತ್ತ ಅತ್ತೆ ಕೇಳಿದರು. "ಅಂತೂ ನೂರಕ್ಕೆ ಎಷ್ಟು ಬಂತಮ್ಮ ಬೆಳೆ?" ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಎಷ್ಟು ಕೆಜಿ ಗೂಡು ಎಂದು ಕೇಳುವುದು ನಮ್ಮ ಕಡೆಯ ರೂಢಿ.

ನಾನು ರಿಜಿಸ್ಟರ್ ತೆಗೆದು ಭಾಗಾಕಾರ ಮಾಡಿದೆ. "ಮುಕ್ಕಾಲು ಕಡ್ಡಿಗೂ ಕಡಿಮೆ ಅತ್ತೆ."

"ಹೋಗ್ಲಿ ಬಿಡು. ಮೊದಲನೇ ಬೆಳೆ ಯಾರಿಗೂ ಕೈಗೆ ಹತ್ತಲ್ಲ. ನಂದೂ ಪೂರಾ ಹೋಗಿತ್ತು. ಸತ್ತ ಹುಳಾನ ಜ್ವರಕ್ಕೆ ಕೂತವೆ ಅನ್ಕೊಂಡು, ಮೂರು ದಿನ ಸುಣ್ಣ ಉದುರಿಸ್ತಾ ಕಾಯ್ಕೊಂಡು ಕೂತಿದ್ದೆ."

ನಾನು ಪೆನ್ನು ಕೆಳಗಿಟ್ಟೆ. "ಅತ್ತೇ! ಇದನ್ನ ಅಕ್ಟೋಬರಲ್ಲೇ ಹೇಳಬಾರ್ದಿತ್ತಾ?"

ಅತ್ತೆ ನನ್ನ ರಿಜಿಸ್ಟರಿನ ಕಡೆ ನೋಡಿದರು. ಗೆರೆ ಎಳೆದ ಕಾಲಂಗಳು, ಕೆಂಪು ಇಂಕಿನ ಒಟ್ಟು ಮೊತ್ತ, ಮೂಲೆಯಲ್ಲಿ ಮೂಡಿದ್ದ ನನ್ನ ನೀಲಿ ಹೆಬ್ಬೆಟ್ಟಿನ ಗುರುತು. ಹೆಬ್ಬೆಟ್ಟು ಒತ್ತುವವರು ನಮ್ಮ ಮನೆಯಲ್ಲಿ ಅವರೊಬ್ಬರೇ ಎಂದುಕೊಂಡಿದ್ದೆ.

"ನೀನು ಎಲ್ಲಾ ಬರ್ಕೋತಾ ಇದ್ಯಲ್ಲಮ್ಮ," ಎಂದರು. "ಬರೆಯೋರಿಗೆ ಗೊತ್ತಿರುತ್ತೆ ಅನ್ಕೊಂಡೆ."